ತಾಯಿ ಕಾರ್ಡಿನಲ್ಲಿ ‘ಹತ್ತೊಂಬತ್ತು’: ಅಮ್ಮನ ವಯಸ್ಸಿಗೂ ಕೂಸಿನ ಲಸಿಕೆಗೂ ಏನು ನಂಟು?

ಗುರುವಾರ ಬೆಳಗ್ಗೆ ಆಲೂರು, ಸಕಲೇಶಪುರದ ಕಡೆಯ ಅಂಗನವಾಡಿ ಜಗುಲಿಯಲ್ಲಿ ಅರ್ಧ ಗಂಟೆ ಕೂತರೆ ಈ ಮಾತು ಕಿವಿಗೆ ಬೀಳುತ್ತದೆ. ಲಸಿಕೆ ಹಾಕುವ ಸಿಸ್ಟರ್ ತಾಯಿ ಕಾರ್ಡ್ ತಿರುವುತ್ತಾ ‘ವಯಸ್ಸೆಷ್ಟಮ್ಮ?’ ಎನ್ನುತ್ತಾರೆ. ಕೂಸು ಎತ್ತಿಕೊಂಡ ಹುಡುಗಿ ನೆಲ ನೋಡುತ್ತಾಳೆ. ಪಕ್ಕದಲ್ಲಿ ನಿಂತ ಅತ್ತೆಯೇ ಹೇಳುತ್ತಾರೆ: ‘ಹತ್ತೊಂಬತ್ತು ತುಂಬೈತೆ, ಬರ್ಕಳಿ.’

ಹದಿನೆಂಟೂ ಅಲ್ಲ, ಇಪ್ಪತ್ತೂ ಅಲ್ಲ, ಹತ್ತೊಂಬತ್ತೇ ಏಕೆ ಎಂಬುದಕ್ಕೆ ಒಂದು ಕಾರಣವಿದೆ, ಅದನ್ನು ಆಮೇಲೆ ಹೇಳುತ್ತೇನೆ. ಚಿಕ್ಕ ವಯಸ್ಸಿನ ತಾಯಂದಿರ ಮಕ್ಕಳಿಗೆ ಲಸಿಕೆ ಪೂರ್ತಿಯಾಗುವುದಿಲ್ಲ ಎಂಬ ದೂರು ಹಳೆಯದು. ಕೆಲವರು ತಿಳಿವಳಿಕೆ ಸಾಲದು ಎನ್ನುತ್ತಾರೆ, ಕೆಲವರು ಬಾಲ್ಯವಿವಾಹದ ಕಡೆ ಬೆರಳು ತೋರಿಸುತ್ತಾರೆ, ಇನ್ನು ಕೆಲವರು ಕಾನೂನು ಬಿಗಿಯಾದ ಮೇಲೆ ಹುಡುಗಿಯರು ಆಸ್ಪತ್ರೆಗೇ ಬರುತ್ತಿಲ್ಲ ಎನ್ನುತ್ತಾರೆ. ಮೂರರಲ್ಲೂ ನಿಜವಿದೆ. ಆದರೆ ಆ ಮೂರೂ ಒಂದಕ್ಕೊಂದು ಸಿಕ್ಕುಹಾಕಿಕೊಂಡು, ಈಗ ಯಾವ ಎಳೆ ಎಲ್ಲಿಂದ ಬಂತು ಎಂಬುದೇ ಮರೆತುಹೋಗಿದೆ.

ಮೈಸೂರು ಸೀಮೆಗೆ ಲಸಿಕೆ ಬಂದು ಇನ್ನೂರು ವರ್ಷ ದಾಟಿತು. 1805ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರನ್ನು ಮದುವೆಯಾದ ದೇವಾಜಮ್ಮಣ್ಣಿ ಮರುವರ್ಷದ ಹೊತ್ತಿಗೆ ಸಿಡುಬಿನ ಲಸಿಕೆ ಹಾಕಿಸಿಕೊಂಡರು. ರಾಣಿಯೇ ಹಾಕಿಸಿಕೊಂಡ ಸುದ್ದಿ ಕೇಳಿ ಪ್ರಜೆಗಳೂ ಧೈರ್ಯ ತಂದುಕೊಂಡರು ಎಂದು ಅಂದಿನ ದಾಖಲೆಗಳು ಹೇಳುತ್ತವೆ. ಮದುವೆಯಾದಾಗ ಆಕೆಗೆ ಹನ್ನೆರಡರ ಆಸುಪಾಸು. ಎಳೆಯ ಸೊಸೆ, ಮನೆಯ ಹಿರಿಯರ ಒಪ್ಪಿಗೆ, ತೋಳಿನ ಮೇಲಿನ ಗುರುತು ಮೂರೂ ನಮ್ಮಲ್ಲಿ ಮೊದಲಿನಿಂದಲೇ ಜೊತೆಗೂಡಿವೆ. ಆಮೇಲೆ ಊರೂರಿಗೆ ಮೈಲಿ ಹಾಕುವವರು, ಅಂದರೆ ಸಿಡುಬಿನ ಲಸಿಕೆ ಹಾಕುವವರು, ಬಂದರು. ನನ್ನ ಅಜ್ಜಿಯ ತೋಳಿನಲ್ಲಿ ಕಾಸಿನಗಲದ ಎರಡು ಮಚ್ಚೆಗಳಿದ್ದವು. ಮೈಲಿ ಹಾಕುವವನನ್ನು ಕಂಡು ಕಣಜದ ಹಿಂದೆ ಅಡಗಿದ್ದು, ಹುಡುಕಿ ಎಳೆದು ತಂದದ್ದು, ಅದಾದ ಎರಡೇ ವರ್ಷಕ್ಕೆ ಮದುವೆಯಾದದ್ದು ಎಲ್ಲವನ್ನೂ ಆಕೆ ಒಂದೇ ಉಸಿರಿಗೆ ಹೇಳುತ್ತಿದ್ದರು.

ಮದುವೆಯ ವಯಸ್ಸಿನ ಕಥೆ ಬೇರೆ ದಾರಿಯಲ್ಲಿ ನಡೆಯಿತು. 1894ರಲ್ಲಿ ಮೈಸೂರು ಸಂಸ್ಥಾನ ಎಂಟು ತುಂಬದ ಹೆಣ್ಣುಮಕ್ಕಳ ಮದುವೆ ನಿಷೇಧಿಸಿತು. 1929ರ ಶಾರದಾ ಕಾಯ್ದೆ ಹದಿನಾಲ್ಕು ಎಂದಿತು. 1978ರಲ್ಲಿ ಅದು ಹದಿನೆಂಟಾಯಿತು. ಅದೇ 1978ರಲ್ಲಿ ಭಾರತ ಮಕ್ಕಳ ವಿಸ್ತೃತ ಲಸಿಕಾ ಕಾರ್ಯಕ್ರಮವನ್ನೂ ಶುರುಮಾಡಿತು. 1985ರಲ್ಲಿ ಅದು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಗಿ ಕ್ಷಯ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೊ, ದಡಾರ ಎಂಬ ಆರು ರೋಗಗಳ ವಿರುದ್ಧ ನಿಂತಿತು. ಪಲ್ಸ್ ಪೋಲಿಯೊ 1995ರಲ್ಲಿ ಬಂತು, 2011ರ ಜನವರಿಯ ಬಳಿಕ ದೇಶದಲ್ಲಿ ಕಾಡು ಪೋಲಿಯೊ ವೈರಸ್ಸಿನ ಪ್ರಕರಣ ಕಾಣಿಸಿಲ್ಲ. ಒಂದೇ ವರ್ಷದಲ್ಲಿ ಹೆಜ್ಜೆ ಇಟ್ಟರೂ ಮದುವೆಯ ಕಾನೂನು ಒಂದು ಕಚೇರಿಯಲ್ಲಿ ಬೆಳೆಯಿತು, ಲಸಿಕೆ ಇನ್ನೊಂದರಲ್ಲಿ. ಆ ಎರಡೂ ಒಬ್ಬಳೇ ಹುಡುಗಿಯ ಮನೆಯೊಳಗೆ ಭೇಟಿಯಾಗುತ್ತವೆ ಎಂಬುದನ್ನು ಬಹಳ ಕಾಲ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಹೆಚ್ಚುಕಡಿಮೆ ಒಂದೇ ಚಿತ್ರ ಸಿಗುತ್ತದೆ. ಹದಿನೈದರಿಂದ ಹತ್ತೊಂಬತ್ತರ ತಾಯಂದಿರ ಮಕ್ಕಳಲ್ಲಿ ಲಸಿಕೆ ಪೂರ್ತಿಯಾದವರು ಕಡಿಮೆ, ಇಪ್ಪತ್ತೈದರ ಮೇಲೆ ಹೆಚ್ಚು, ಮೂವತ್ತೈದು ದಾಟಿದರೆ ಹಲವು ಕಡೆ ಮತ್ತೆ ಇಳಿತ. ಆ ಕೊನೆಯ ಇಳಿತಕ್ಕೆ ವಯಸ್ಸಿಗಿಂತ ಮಗು ಎಷ್ಟನೆಯದು ಎಂಬುದೇ ದೊಡ್ಡ ಕಾರಣ. ಮೊದಲನೆಯ ಮಗುವಿಗೆ ತಪ್ಪದೆ ಹೋದ ಕಾಲು ನಾಲ್ಕನೆಯದಕ್ಕೆ ಸೋಲುತ್ತದೆ. ತಾಯಿಯ ಓದು, ಮನೆಯ ಆದಾಯ ಎರಡನ್ನೂ ಲೆಕ್ಕಕ್ಕೆ ಹಿಡಿದರೆ ಎಳೆಯ ತಾಯಂದಿರ ಅಂತರವೂ ಕುಗ್ಗುತ್ತದೆ. ಹಾಗಾಗಿ ಹದಿನೇಳು ಎಂಬ ಅಂಕಿಯೇ ಲಸಿಕೆ ತಪ್ಪಿಸುವುದಿಲ್ಲ. ಆ ಅಂಕಿಯ ಹಿಂದೆ ಬಿಟ್ಟ ಶಾಲೆ, ಕೈಯಲ್ಲಿಲ್ಲದ ಕಾಸು, ಇನ್ನೊಬ್ಬರ ಅಪ್ಪಣೆ ಇರುತ್ತವೆ.

ರಾಜ್ಯದ ಅಂಕಿಅಂಶ ನೋಡಿದರೆ ಸಂತೋಷಪಡಬೇಕಾದ್ದೂ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದಲ್ಲಿ 12ರಿಂದ 23 ತಿಂಗಳ ಮಕ್ಕಳಲ್ಲಿ ಪೂರ್ಣ ಲಸಿಕೆ ಪಡೆದವರು ಶೇ 63ರಷ್ಟಿದ್ದರು, 2019-21ರ ಸುತ್ತಿಗೆ ಶೇ 84ಕ್ಕೆ ಏರಿದರು. ಅದೇ ಸಮೀಕ್ಷೆಯಲ್ಲಿ ಇಪ್ಪತ್ತರಿಂದ ಇಪ್ಪತ್ತನಾಲ್ಕರ ಹೆಣ್ಣುಮಕ್ಕಳಲ್ಲಿ ಹದಿನೆಂಟಕ್ಕೆ ಮುಂಚೆ ಮದುವೆಯಾದವರು ರಾಜ್ಯದಲ್ಲಿ ಐವರಲ್ಲಿ ಒಬ್ಬರು. ಆ ಪ್ರಮಾಣ ಎರಡು ಸುತ್ತುಗಳ ನಡುವೆ ಇಳಿಯಲೇ ಇಲ್ಲ ಎನ್ನಬೇಕು. ಲಸಿಕೆ ಮುಂದೆ ಓಡಿತು, ಮದುವೆಯ ವಯಸ್ಸು ನಿಂತಲ್ಲೇ ನಿಂತಿತು. ಇನ್ನೂ ಲಸಿಕೆ ತಲುಪದ ಕೂಸುಗಳನ್ನು ಹುಡುಕುವವರು ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು.

ನಾನು ಹತ್ತಿರದಿಂದ ಕಂಡಿರುವುದು ಬಾಣಂತನದ ತಿಂಗಳುಗಳನ್ನು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೇ ತಿಂಗಳಿಗೆ ಸೀಮಂತ ಮುಗಿಸಿ ಹುಡುಗಿ ತವರಿಗೆ ಹೋಗುತ್ತಾಳೆ, ಮೂರರಿಂದ ಐದು ತಿಂಗಳ ಕೂಸಿನೊಂದಿಗೆ ಗಂಡನ ಮನೆಗೆ ಮರಳುತ್ತಾಳೆ. ಲಸಿಕೆಯ ಪಟ್ಟಿ ನೋಡಿ: ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಐದು ರೋಗಗಳ ವಿರುದ್ಧ ಒಂದೇ ಸೂಜಿಯಾದ ಪೆಂಟಾವೇಲೆಂಟ್ ಮತ್ತು ಜೊತೆಯವು. ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ. ಮೊದಲ ಭಾಗವೆಲ್ಲ ತವರಿನಲ್ಲಿ, ಕೊನೆಯದು ಗಂಡನ ಊರಿನಲ್ಲಿ. ತಾಯಿ ಕಾರ್ಡ್ ಮಾಡಿಸಿದ್ದು ಬೇಲೂರು ತಾಲ್ಲೂಕಿನಲ್ಲಿ, ಹೆರಿಗೆ ಅರಕಲಗೂಡಿನಲ್ಲಿ. ಈ ಊರಿನ ಆಶಾ ಕಾರ್ಯಕರ್ತೆ ‘ಅವಳು ತವರಿನಲ್ಲಿದ್ದಾಳೆ’ ಎಂದುಕೊಂಡರೆ ಆ ಊರಿನ ಆಶಾ ‘ಅವಳು ನಮ್ಮ ಪಟ್ಟಿಯವಳಲ್ಲ’ ಎಂದುಕೊಳ್ಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಡುವೆ ಕೂಸಿನ ಹತ್ತು ವಾರ ಕಳೆದುಹೋಗುತ್ತದೆ.

ಇದು ಎಲ್ಲ ವಯಸ್ಸಿನ ತಾಯಂದಿರಿಗೂ ಆಗುವುದೇ. ಇಪ್ಪತ್ತಾರರವಳಾದರೆ ಕಾರ್ಡ್ ಎಲ್ಲಿದೆ ಎಂದು ಗೊತ್ತು, ಅದರಲ್ಲಿ ಬರೆದ ತಾರೀಕು ಓದಬಲ್ಲಳು, ಕೈಯಲ್ಲಿ ಫೋನಿದೆ, ‘ಗುರುವಾರ ಹೋಗಿ ಬರ್ತೀನಿ’ ಎಂದು ಹೇಳಿ ಹೊರಡಬಲ್ಲಳು. ಹದಿನೇಳರವಳ ಕಾರ್ಡಿನಲ್ಲಿರುವುದು ಗಂಡನ ಫೋನ್ ನಂಬರು. ಆತ ಕೆಲಸಕ್ಕೆಂದು ಬೆಂಗಳೂರಿನಲ್ಲಿದ್ದರೆ ಲಸಿಕೆಯ ಸಂದೇಶವೂ ಬೆಂಗಳೂರಿಗೇ ಹೋಗುತ್ತದೆ.

ಜ್ವರದ ವಿಷಯ ಇನ್ನೂ ಸೂಕ್ಷ್ಮ. ಪೆಂಟಾವೇಲೆಂಟ್ ಹಾಕಿದ ರಾತ್ರಿ ಕೆಲವು ಕೂಸುಗಳಿಗೆ ಮೈ ಬಿಸಿಯಾಗುತ್ತದೆ, ತೊಡೆ ಊದುತ್ತದೆ, ರಾತ್ರಿಯೆಲ್ಲ ಅಳು. ಒಂದೆರಡು ದಿನಕ್ಕೆ ಇಳಿಯುವ ಸಾಮಾನ್ಯ ತೊಂದರೆ ಅದು, ಸಿಸ್ಟರ್ ಕೊಟ್ಟ ಪ್ಯಾರಸಿಟಮಾಲ್ ಸಾಕು. ಆದರೆ ಆ ರಾತ್ರಿ ಮನೆಯಲ್ಲಿ ‘ಚೆನ್ನಾಗಿದ್ದ ಕೂಸಿಗೆ ಚುಚ್ಚಿಸ್ಕೊಂಡು ಬಂದ್ಲು’ ಎಂಬ ಮಾತು ಬರುತ್ತದೆ. ಮೂವತ್ತರ ತಾಯಿ ಆ ಮಾತನ್ನು ತಡೆದುಕೊಂಡು ನಾಲ್ಕು ವಾರದ ಮೇಲೆ ಮತ್ತೆ ಹೋಗುತ್ತಾಳೆ. ಇನ್ನೂ ತನ್ನ ಊಟ ತಾನೇ ಬಡಿಸಿಕೊಳ್ಳಲು ಹಿಂಜರಿಯುವ ಸೊಸೆ ಹೋಗುವುದಿಲ್ಲ. ಎಳೆಯ ತಾಯಂದಿರಲ್ಲಿ ಕಡಿಮೆ ತೂಕದ ಕೂಸುಗಳೂ ಹೆಚ್ಚು. ಅದಕ್ಕೆ ‘ಮೊಗ ಸಣ್ಣಕ್ಕೈತೆ, ಸೂಜಿ ತಡ್ಕಳಲ್ಲ, ಮೈ ತುಂಬ್ಕಳ್ಳಿ’ ಎಂದು ಮುಂದೂಡುತ್ತಾರೆ. ತೀರಾ ಕಡಿಮೆ ತೂಕದ ಶಿಶುವಿಗೆ ಹುಟ್ಟಿದ ದಿನದ ಲಸಿಕೆಯನ್ನು ವೈದ್ಯರೇ ಕೆಲವೊಮ್ಮೆ ತಡಮಾಡುವುದುಂಟು. ಆರು ವಾರದ ಲಸಿಕೆಗೆ ಮಾತ್ರ ತೂಕ ಅಡ್ಡಿಯಲ್ಲ, ಹುಟ್ಟಿದ ದಿನದಿಂದಲೇ ವಾರ ಎಣಿಸಬೇಕು. ಸಣ್ಣ ಕೂಸಿಗೆ ನಾಯಿಕೆಮ್ಮು ಬಂದರೆ ಅಪಾಯ ಹೆಚ್ಚೇ ಹೊರತು ಕಡಿಮೆಯಲ್ಲ.

ಒಂಬತ್ತನೇ ತಿಂಗಳಿನದು ಇನ್ನೊಂದು ಗಂಡಾಂತರ. ಹದಿನಾಲ್ಕು ವಾರದ ನಂತರ ಐದು ತಿಂಗಳಿಗೂ ಹೆಚ್ಚು ಬಿಡುವು, ಅಭ್ಯಾಸ ತಪ್ಪುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಅದು ಕಾಫಿ ಕೊಯ್ಲಿನ ನವೆಂಬರ್–ಫೆಬ್ರುವರಿಗೆ ಬಿದ್ದರೆ ಗುರುವಾರ ಎಂದರೆ ಒಂದು ದಿನದ ಕೂಲಿ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್‌ನಿಂದ ಬಂದ ಕುಟುಂಬಗಳೂ ಇವೆ. ಅವರಿಗೆ ಭಾಷೆಯೂ ಅಡ್ಡ, ಪಟ್ಟಿಯಲ್ಲಿ ಹೆಸರೂ ಇಲ್ಲ. 2014ರ ಡಿಸೆಂಬರಿನಲ್ಲಿ ಶುರುವಾದ ಮಿಷನ್ ಇಂದ್ರಧನುಷ್ ಹುಡುಕಿ ಹೊರಟದ್ದು ಇಂಥ ಮಕ್ಕಳನ್ನೇ.

ಈಗ ಕಾನೂನಿನ ಎಳೆ. 2006ರಲ್ಲಿ ಬಾಲ್ಯವಿವಾಹ ನಿಷೇಧ ಕಾಯ್ದೆ ಬಂತು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆ, ಹದಿನೆಂಟರೊಳಗಿನ ಹುಡುಗಿ ಗರ್ಭಿಣಿ ಎಂದು ತಿಳಿದರೆ ಪೊಲೀಸರಿಗೆ ತಿಳಿಸುವುದನ್ನು ಆಸ್ಪತ್ರೆಗೆ ಕಡ್ಡಾಯ ಮಾಡಿತು. ಕರ್ನಾಟಕ ತನ್ನ 2016ರ ತಿದ್ದುಪಡಿಯಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದಿತು. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ಹದಿನೆಂಟು ತುಂಬದ ಹೆಂಡತಿಯೊಂದಿಗಿನ ಸಂಬಂಧವೂ ಅತ್ಯಾಚಾರವೇ ಎಂದು ತೀರ್ಪಿತ್ತಿತು. ಒಂದೊಂದೂ ಬೇಕಾಗಿದ್ದ ಹೆಜ್ಜೆಯೇ, ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ ಕಾನೂನು ಮದುವೆಯನ್ನು ತಡೆಯಲಾಗದೆ ಹೋದ ಮನೆಯಲ್ಲಿ ಏನಾಗುತ್ತದೆ? ಹುಡುಗಿಯನ್ನು ತಪಾಸಣೆಗೆ ಕರೆತರುವುದಿಲ್ಲ. ತಾಯಿ ಕಾರ್ಡ್ ಆಗುವುದಿಲ್ಲ, ಇಲ್ಲವೇ ತಡವಾಗಿ, ತಿದ್ದಿದ ವಯಸ್ಸಿನೊಂದಿಗೆ ಆಗುತ್ತದೆ. ಲಸಿಕೆಯ ಪಟ್ಟಿ ಹುಟ್ಟುವುದೇ ಆ ಕಾರ್ಡಿನಿಂದ. ತಾಯಿಯನ್ನು ಬಚ್ಚಿಟ್ಟರೆ ಕೂಸೂ ಬಚ್ಚಿಟ್ಟಂತೆಯೇ. ತಪ್ಪು ನಡೆದಾಗ ಇನ್ನೂ ಹುಟ್ಟಿಯೇ ಇರದ ಜೀವ ಅದರ ದಂಡ ತೆರುತ್ತಿದೆ.

ಹತ್ತೊಂಬತ್ತರ ಮೂಲ ಇರುವುದು ಯೋಜನೆಗಳ ಷರತ್ತಿನಲ್ಲಿ. ಹೆರಿಗೆಗೆ ಸರ್ಕಾರ ಹಣ ಕೊಡುವ 2005ರ ಜನನಿ ಸುರಕ್ಷಾ ಯೋಜನೆಯಲ್ಲಿ ಕರ್ನಾಟಕದಂಥ ರಾಜ್ಯಗಳಿಗೆ ತಾಯಿಗೆ ಹತ್ತೊಂಬತ್ತು ತುಂಬಿರಬೇಕು, ಎರಡು ಮಕ್ಕಳಿಗೆ ಮಾತ್ರ ಎಂಬ ನಿಯಮವಿತ್ತು. 2013ರ ಮೇ ತಿಂಗಳಲ್ಲಿ ಅದನ್ನು ತೆಗೆದರು. ನಿಯಮ ಹೋಯಿತು, ಅಂಕಿ ಮಾತ್ರ ಬಾಯಲ್ಲಿ ಉಳಿಯಿತು. ಈಗಿನ ಮಾತೃವಂದನಾ ಯೋಜನೆಯಲ್ಲಿ ಚೊಚ್ಚಲ ಮಗುವಿಗೆ ಸಿಗುವ 5,000 ರೂಪಾಯಿಯ ಎರಡನೇ ಕಂತು ಹದಿನಾಲ್ಕು ವಾರದವರೆಗಿನ ಲಸಿಕೆ ಮುಗಿದ ಮೇಲೇ ಬರುತ್ತದೆ. ಲಸಿಕೆಗೆ ಹುರಿದುಂಬಿಸುವ ಒಳ್ಳೆಯ ಉಪಾಯ. ಆದರೆ ಅರ್ಜಿ ಹಾಕಲು ತಾಯಿಗೆ ಹದಿನೆಂಟು ವರ್ಷ ಏಳು ತಿಂಗಳು ಆಗಿರಬೇಕು. ಯಾರ ಕೂಸಿಗೆ ಲಸಿಕೆ ತಪ್ಪುವ ಸಂಭವ ಹೆಚ್ಚೋ ಅವಳಿಗೇ ಆ ಹುರುಪು ದಕ್ಕುವುದಿಲ್ಲ.

ಎರಡೂ ಎಳೆಗಳನ್ನು ಒಂದೇ ಕಾಗದದಲ್ಲಿ ಹೆಣೆಯುವ ಪ್ರಯತ್ನ ನಮ್ಮ ರಾಜ್ಯದಲ್ಲೇ ನಡೆದಿತ್ತು. 2006ರ ಮಾರ್ಚ್ 31ರ ನಂತರ ಬಡ ಕುಟುಂಬಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಕೊಟ್ಟ, ಹದಿನೆಂಟು ತುಂಬಿದ ಮೇಲೆ ಹಣ ಕೈಗೆ ಬರುವ ಭಾಗ್ಯಲಕ್ಷ್ಮಿ ಬಾಂಡಿನ ಷರತ್ತುಗಳಲ್ಲಿ ಲಸಿಕೆ ಹಾಕಿಸಿರಬೇಕು ಎಂಬುದೂ ಇತ್ತು, ಹದಿನೆಂಟರೊಳಗೆ ಮದುವೆ ಮಾಡಬಾರದು ಎಂಬುದೂ ಇತ್ತು. ಆ ಮೊದಲ ಮಕ್ಕಳಿಗೆ 2024ರಲ್ಲಿ ಹದಿನೆಂಟು ತುಂಬಿತು. ಟ್ರಂಕಿನ ತಳದಲ್ಲಿದ್ದ ಬಾಂಡ್ ತೆಗೆದು ನೋಡಿ ‘ಇನ್ನೆರಡು ವರ್ಷ ತಡಿಯಾಣ’ ಎಂದ ಅಪ್ಪಂದಿರನ್ನು ನಾನು ಕಂಡಿದ್ದೇನೆ.

ಹೆಚ್ಚು ವಯಸ್ಸಿನ ತಾಯಂದಿರ ಕಥೆ ಚಿಕ್ಕದು. ರಾಜ್ಯದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು ಎಂಬಲ್ಲಿಗೆ ಬಂದ ಮೇಲೆ ಐದನೇ ಹೆರಿಗೆಯ ನಲವತ್ತರ ತಾಯಿ ಅಪರೂಪ. ಈಗ ಮೂವತ್ತೈದರವಳು ಎಂದರೆ ಬೆಂಗಳೂರಿನ ಕೆಲಸದಿಂದ ಹಾಸನಕ್ಕೆ ಬಾಣಂತನಕ್ಕೆ ಬಂದ ಚೊಚ್ಚಲ ತಾಯಿಯೇ ಹೆಚ್ಚು. ಅವಳು ಖಾಸಗಿ ಕ್ಲಿನಿಕ್ಕಿನಲ್ಲಿ ಹಾಕಿಸುತ್ತಾಳೆ, ತಾರೀಕು ತಪ್ಪಿಸುವುದಿಲ್ಲ.

ತಲೆಮಾರಿನ ಇನ್ನೊಂದು ಪರಿಣಾಮ ನೆತ್ತರಿನಲ್ಲೇ ಇದೆ. ದಡಾರ ಬಂದು ಹೋದ ಹಿಂದಿನ ತಾಯಂದಿರಿಂದ ಕೂಸಿಗೆ ಬರುತ್ತಿದ್ದ ರಕ್ಷಣೆಯಷ್ಟು, ಲಸಿಕೆಯಿಂದಲೇ ರಕ್ಷಣೆ ಪಡೆದ ಇಂದಿನ ತಾಯಂದಿರಿಂದ ಬರುವುದಿಲ್ಲ, ಬಂದದ್ದೂ ಬೇಗ ಕರಗುತ್ತದೆ. ಅದಕ್ಕೇ ಒಂಬತ್ತು ತಿಂಗಳ ಲಸಿಕೆ ಈಗ ತಡವಾಗಬಾರದು. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲು ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ವಾಟ್ಸ್‌ಆ್ಯಪ್‌ನ ಗಾಳಿಮಾತುಗಳ ನಡುವೆಯೂ ಅಂದು ಶಾಲೆಯ ಸಾಲಿನಲ್ಲಿ ತೋಳು ಚಾಚಿದ ಹುಡುಗಿಯರೇ ಇಂದಿನ ಎಳೆಯ ತಾಯಂದಿರು. ಗರ್ಭದಲ್ಲಿರುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಕುತ್ತು ತರುವ ರುಬೆಲ್ಲಾದಿಂದ ಅವರ ಕೂಸುಗಳಿಗೆ ರಕ್ಷಣೆ ಸಿಕ್ಕಿರುವುದು ಆ ಸಾಲಿನಿಂದ.

ಊರು ಬದಲಾದರೂ ಲಸಿಕೆಯ ದಾಖಲೆ ಕೂಸಿನ ಜೊತೆಗೇ ಬರಲಿ ಎಂದು ಯು-ವಿನ್ ಪೋರ್ಟಲ್ ಬಂದಿದೆ. ಸರ್ಕಾರಿ ಲಸಿಕೆ ಪಡೆಯಲು ಕೂಸಿಗೆ ಅಮ್ಮನ ವಯಸ್ಸಿನ ಷರತ್ತು ಎಂದೂ ಇರಲಿಲ್ಲ, ಈಗಲೂ ಇಲ್ಲ. ತಾರೀಕು ತಪ್ಪಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಬಿಸಿಜಿಯನ್ನು ಒಂದು ವರ್ಷದೊಳಗೆ ಹಾಕಿಸಬಹುದು. ಪೆಂಟಾವೇಲೆಂಟ್ ವರ್ಷದೊಳಗೆ ಶುರುವಾಗಬೇಕು, ಅದೂ ತಪ್ಪಿದ್ದರೆ ಏಳು ವರ್ಷದವರೆಗೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿನ ಡಿಪಿಟಿ ಇದೆ. ದಡಾರ-ರುಬೆಲ್ಲಾಕ್ಕೆ ಐದು ವರ್ಷದವರೆಗೆ ಅವಕಾಶವಿದೆ. ಕಾರ್ಡ್ ಕಳೆದಿದ್ದರೂ, ಅದರಲ್ಲಿ ವಯಸ್ಸು ಏನೇ ಬರೆದಿದ್ದರೂ, ಬರುವ ಗುರುವಾರ ಕೂಸನ್ನು ಕರೆದುಕೊಂಡು ಹೋಗಬಹುದು.