ಮಳೆ ಬಿಟ್ಟ ಮೇಲೆ ಕೆಂಪು ಸಿಲಿಂಡರನ್ನು ಗೋಡೆಯಿಂದ ಇಳಿಸಿ ನೋಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ ಕಡೆ ಗೋಡೆಗಳೇ ಬೆವರುತ್ತವೆ. ಆ ನಾಲ್ಕು ತಿಂಗಳು ಗೋದಾಮಿನ ಬಾಗಿಲ ಪಕ್ಕ ತೂಗಿದ್ದ ಅಗ್ನಿಶಾಮಕ ಸಿಲಿಂಡರನ್ನು ಸಾಮಾನ್ಯವಾಗಿ ಯಾರೂ ಮುಟ್ಟಿರುವುದಿಲ್ಲ. ಮಳೆ ಮುಗಿದು ಕುಯ್ಲು ಶುರುವಾಯಿತೆಂದರೆ ಒಣ ಕಾಫಿ, ಗೋಣಿಚೀಲ, ಡ್ರೈಯರ್, ಜನರೇಟರಿನ ಡೀಸೆಲ್ ಎಲ್ಲವೂ ಅಕ್ಕಪಕ್ಕ ಬಂದು ಕೂರುತ್ತವೆ. ಹಾಗಾಗಿ ತೋಟದ ಗೋದಾಮಿರಲಿ, ಕುಶಾಲನಗರದ ಕ್ಯೂರಿಂಗ್ ವರ್ಕ್ಸ್ (ಒಣ ಕಾಫಿಯ ಸಿಪ್ಪೆ ತೆಗೆದು ಹದಮಾಡುವ ಕಾರ್ಖಾನೆ) ಇರಲಿ, ತಪಾಸಣೆಗೆ ಸರಿಯಾದ ಹೊತ್ತು ಅಕ್ಟೋಬರ್.

ಗೇಜಿನ ಮುಳ್ಳು ಹಸಿರಿನಲ್ಲಿದೆಯೆಂದು ತೋಟದ ರೈಟರ್ (ಗುಮಾಸ್ತ) ರಿಜಿಸ್ಟರಿಗೆ ಸಹಿ ಹಾಕಿದರೆ ಕೆಲಸ ಮುಗಿಯಲಿಲ್ಲ. ಮುಳ್ಳು ಹೇಳುವುದು ಒಳಗಿನ ಅನಿಲದ ಒತ್ತಡವನ್ನು ಮಾತ್ರ, ಪುಡಿಯ ಸ್ಥಿತಿಯನ್ನಲ್ಲ. ಘನ, ದ್ರವ, ಅನಿಲ ಮೂರೂ ಬಗೆಯ ಬೆಂಕಿಗೆ ಬಳಸುವ ಎಬಿಸಿ ಪುಡಿಯ ಮುಖ್ಯ ಭಾಗವಾದ ಮೊನೊ ಅಮೋನಿಯಂ ಫಾಸ್ಫೇಟ್ ತೇವ ತಗುಲಿದರೆ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ತೆರೆದ ಶೆಡ್ಡಿನಲ್ಲಿ ರೀಫಿಲ್ ಮಾಡಿಸಿದರೆ ತೇವ ಒಳಗೇ ಸೇರಿಕೊಳ್ಳುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಪಕ್ಕದಲ್ಲೋ ಜೀಪಿನಲ್ಲೋ ಸದಾ ಅದುರುತ್ತಿದ್ದರೂ ಪುಡಿ ತಳದಲ್ಲಿ ಬಿಗಿದು ಕೂರುತ್ತದೆ. ಅಂಥ ಸಿಲಿಂಡರಿನ ಹಿಡಿ ಒತ್ತಿದರೆ ಗಾಳಿ ಬುಸ್ಸೆಂದು ಹೋಗಿ ಪುಡಿ ಅಲ್ಲೇ ಉಳಿಯುತ್ತದೆ. ಪಿನ್ ಬಿಗಿಯಾಗಿರುವಂತೆಯೇ ಸಿಲಿಂಡರನ್ನು ತಲೆಕೆಳಗು ಮಾಡಿ, ಕಿವಿ ಹತ್ತಿರ ತನ್ನಿ. ಸರ್ರನೆ ಜಾರಿದ ಸದ್ದು ಕೇಳಬೇಕು. ಕೇಳದಿದ್ದರೆ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಆಗಲೂ ಪುಡಿ ಅಲುಗದಿದ್ದರೆ ಅದನ್ನು ನಂಬಬೇಡಿ, ಹೊಸ ಪುಡಿ ತುಂಬಿಸಿ.

ನಾಜಲಿನೊಳಕ್ಕೆ ಟಾರ್ಚ್ ಬಿಡಿ. ಕಣಜದ ಹುಳು ಕಟ್ಟಿದ ಮಣ್ಣಿನ ಗೂಡು ಬೆರಳುಗಾತ್ರದ್ದೇ ಆದರೂ ದಾರಿ ಮುಚ್ಚಲು ಅಷ್ಟೇ ಸಾಕು. ಬುಡದ ಬೆಸುಗೆಯ ಸುತ್ತ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಬಣ್ಣ ಬಳಿದು ಮರೆಮಾಚದೆ ಬಳಕೆಯಿಂದಲೇ ತೆಗೆಯಿರಿ. ಒದ್ದೆ ನೆಲದ ಮೇಲೆ ಇಡುವ ಅಭ್ಯಾಸವೇ ಇದಕ್ಕೆ ಮೂಲ.

ಸಿಒ2 (ಇಂಗಾಲದ ಡೈಆಕ್ಸೈಡ್) ಸಿಲಿಂಡರಿಗೆ ಗೇಜೇ ಇರುವುದಿಲ್ಲ, ತೂಕವೇ ಅದರ ಲೆಕ್ಕ. ಕಾಫಿ ಚೀಲ ತೂಗುವ ಡಿಜಿಟಲ್ ಯಂತ್ರದಲ್ಲೇ ಇಟ್ಟು, ಸಿಲಿಂಡರಿನ ಮೇಲೆ ಕೊರೆದಿರುವ ಖಾಲಿ ತೂಕ ಕಳೆಯಿರಿ. 4.5 ಕೆ.ಜಿ.ಯದ್ದರಲ್ಲಿ 450 ಗ್ರಾಂ, ಅಂದರೆ ಶೇ. 10ರಷ್ಟು ಕಡಿಮೆಯಾಗಿದ್ದರೆ ರೀಫಿಲ್‌ಗೆ ಕಳಿಸಿ. ಒತ್ತಡ ತುಂಬಿಟ್ಟ ಪುಡಿ ಸಿಲಿಂಡರಿಗೆ 3 ವರ್ಷಕ್ಕೊಮ್ಮೆ, ಸಿಒ2ಗೆ 5 ವರ್ಷಕ್ಕೊಮ್ಮೆ ನೀರಿನೊತ್ತಡದ ಪರೀಕ್ಷೆಯೂ ಆಗಬೇಕು.

ಬೆಂಕಿ ಬಿದ್ದಾಗ ಮೊದಲು ಕೂಗಿ ಎಲ್ಲರನ್ನೂ ಎಚ್ಚರಿಸಿ, 112ಕ್ಕೆ ಕರೆ ಮಾಡಿಸಿ, ಹೊರಬಾಗಿಲು ಬೆನ್ನ ಹಿಂದಿರುವಂತೆ ನಿಲ್ಲಿ. ಹಿಡಿ ಅದುಮಿಕೊಂಡೇ ಪಿನ್ ಎಳೆದರೆ ಅದು ಸಿಕ್ಕಿಕೊಳ್ಳುತ್ತದೆ. ಗಾಬರಿಯಲ್ಲಿ ಹೆಚ್ಚಿನವರು ಮಾಡುವ ತಪ್ಪಿದು. ಪಿನ್ ಬಂದ ಮೇಲೆ ಎರಡು ಮೂರು ಮೀಟರ್ ದೂರದಿಂದ ಉರಿಯ ಬುಡಕ್ಕೆ ಗುರಿಯಿಟ್ಟು ಅತ್ತಿತ್ತ ಬೀಸಿ. 6 ಕೆ.ಜಿ.ಯ ಪುಡಿ ಹೆಚ್ಚೂಕಡಿಮೆ ಕಾಲು ನಿಮಿಷದಲ್ಲಿ ಮುಗಿದುಹೋಗುತ್ತದೆ. ಸಿಒ2 ಬಳಸುವಾಗ ಅನಿಲ ಹೊರಬರುವ ಕೊಳವೆಬಾಯಿಯನ್ನು, ಅಂದರೆ ಹಾರ್ನನ್ನು, ಬರಿಗೈಯಲ್ಲಿ ಹಿಡಿದರೆ ಚರ್ಮ ಹೆಪ್ಪುಗಟ್ಟುತ್ತದೆ. ಸಣ್ಣ ಕೋಣೆಯಲ್ಲಿ ಬಿಟ್ಟರೆ ಕೂಡಲೇ ಹೊರಬನ್ನಿ, ಉಸಿರುಗಟ್ಟುತ್ತದೆ. ಕಲರ್ ಸಾರ್ಟರ್ (ಬಣ್ಣ ನೋಡಿ ಕಾಫಿ ಬೀಜ ಬೇರ್ಪಡಿಸುವ ಯಂತ್ರ), ವಿದ್ಯುತ್ ಪ್ಯಾನೆಲ್‌ಗಳಿಗೆ ಮಾತ್ರ ಸಿಒ2 ಇರಲಿ, ಏಕೆಂದರೆ ಪುಡಿ ಬಿದ್ದರೆ ಸರ್ಕ್ಯೂಟ್‌ಗಳು ತುಕ್ಕು ಹಿಡಿಯುತ್ತವೆ.

ಗೋಣಿಚೀಲದ ರಾಶಿಯ ವಿಷಯದಲ್ಲಿ ನನ್ನ ಒತ್ತಾಯ ಹೆಚ್ಚು. ಪುಡಿ ಮೇಲಿನ ಉರಿಯನ್ನು ಆರಿಸುತ್ತದೆ, ಮಡಿಕೆಯೊಳಗಿನ ಕೆಂಡ ಹಾಗೇ ಇರುತ್ತದೆ. ಉರಿ ನಿಂತ ಮೇಲೆ ಚೀಲಗಳನ್ನು ಕೊಕ್ಕೆಯಿಂದ ಹೊರಗೆಳೆದು, ಒಂದೊಂದನ್ನೂ ಬಿಡಿಸಿ ನೀರಿನಲ್ಲಿ ತೋಯಿಸಿ. ರಾತ್ರಿ ಪಾಳಿಯವರನ್ನು ಬೆಳಗಿನವರೆಗೆ ಅಲ್ಲೇ ಕಾವಲಿಡಿ. ಒಮ್ಮೆ ಒತ್ತಿದ ಸಿಲಿಂಡರನ್ನು ಮತ್ತೆ ಗೋಡೆಗೆ ತೂಗುಹಾಕಬೇಡಿ: ವಾಲ್ವಿನ ಸಂದಿಯಲ್ಲಿ ಪುಡಿಯ ಕಣ ಕೂತರೆ ಸಾಕು, ಉಳಿದ ಒತ್ತಡವೆಲ್ಲ ಸದ್ದಿಲ್ಲದೆ ಸೋರಿಹೋಗುತ್ತದೆ.