127ರವರೆಗೆ ಸರಿಯಿದ್ದ ಕೋಡ್

ಜಾವಾ ಕೋಡ್ ರಿವ್ಯೂಗೆ ಕೂತರೆ ನಾನು ಮೊದಲು ಹುಡುಕುವುದು, ಎರಡು ಇಂಟಿಜರ್ ಆಬ್ಜೆಕ್ಟ್‌ಗಳ (ಬಾಕ್ಸಿನೊಳಗೆ ಇಟ್ಟ ಪೂರ್ಣಾಂಕಗಳ) ನಡುವೆ ಯಾರಾದರೂ ಸಮವೇ ಎಂದು ಕೇಳುವ == ಹಾಕಿದ್ದಾರಾ ಅಂತ. ಸಿಕ್ಕೇ ಸಿಗುತ್ತದೆ. ಕೇಳಿದರೆ, "ಟೆಸ್ಟ್ ಎಲ್ಲ ಪಾಸಾಗಿದೆಯಲ್ಲ ಸರ್" ಎಂಬ ಉತ್ತರ. ಹೌದು, ಪಾಸಾಗುತ್ತದೆ. ನನ್ನ ತಾಳ್ಮೆ ಕೆಡುವುದೇ ಅಲ್ಲಿ.

2004ರಲ್ಲಿ ಬಂದ ಜಾವಾ 5 ನಮಗೆ ಆಟೋಬಾಕ್ಸಿಂಗ್ ಕೊಟ್ಟಿತು, ಅಂದರೆ ಸಾದಾ ಸಂಖ್ಯೆಯನ್ನು ತಾನಾಗಿ ಆಬ್ಜೆಕ್ಟ್ ಮಾಡುವ ಸೌಲಭ್ಯ. ಇಂಟಿಜರ್ ವೇರಿಯಬಲ್‌ಗೆ 100 ಅಂತ ಬರೆದರೆ ಸಾಕು, ಕಂಪೈಲರ್ ತಾನೇ ವ್ಯಾಲ್ಯೂಆಫ್ ಮೆಥಡ್ ಕರೆದು ಆಬ್ಜೆಕ್ಟ್ ತರಿಸುತ್ತದೆ. ಈ ಮೆಥಡ್ −128ರಿಂದ 127ರವರೆಗಿನ ಸಂಖ್ಯೆಗಳಿಗೆ ಮೊದಲೇ ಮಾಡಿಟ್ಟ ಆಬ್ಜೆಕ್ಟ್‌ಗಳನ್ನೇ ಮತ್ತೆ ಮತ್ತೆ ಕೊಡುತ್ತದೆ. ಅದರಾಚೆಗೆ ಸಾಮಾನ್ಯವಾಗಿ ಪ್ರತಿ ಸಲವೂ ಹೊಸದು. ಹಾಗಾಗಿ ಇಂಥ ಆಬ್ಜೆಕ್ಟ್‌ಗಳಲ್ಲಿ 100 == 100 ನಿಜ, 128 == 128 ಸುಳ್ಳು. "ಸಾಮಾನ್ಯವಾಗಿ" ಎಂದದ್ದಕ್ಕೆ ಕಾರಣವಿದೆ: ಕೆಲವು ಜೆವಿಎಂಗಳಲ್ಲಿ (ಜಾವಾ ಪ್ರೋಗ್ರಾಂ ಓಡಿಸುವ ತಂತ್ರಾಂಶಗಳಲ್ಲಿ) ಮೇಲಿನ ಮಿತಿಯನ್ನು ಏರಿಸಬಹುದು. ಒಂದು ಸರ್ವರ್‌ನಲ್ಲಿ ನಿಜವಾದದ್ದು ಇನ್ನೊಂದರಲ್ಲಿ ಸುಳ್ಳಾದೀತು.

ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ತಲೆಯಾಡಿಸಿದವರೇ ಮುಂದಿನ ವಾರ ಅದನ್ನೇ ಬರೆದು ತರುತ್ತಾರೆ. ಎರಡೂ ಕಡೆ ಆಬ್ಜೆಕ್ಟ್ ಇದ್ದಾಗ == ಒಳಗಿರುವ ಸಂಖ್ಯೆಯ ಬೆಲೆಯನ್ನು ನೋಡುವುದೇ ಇಲ್ಲ. ಇವೆರಡೂ ಮೆಮೊರಿಯಲ್ಲಿರುವ ಒಂದೇ ಆಬ್ಜೆಕ್ಟಾ ಎಂದಷ್ಟೇ ನೋಡುತ್ತದೆ. ಒಂದು ಕಡೆ ಸಾದಾ ಇಂಟ್ (ಆಬ್ಜೆಕ್ಟ್ ಅಲ್ಲದ ಬರೀ ಸಂಖ್ಯೆ) ಇದ್ದರೆ ಮಾತ್ರ ಬಾಕ್ಸ್ ಬಿಚ್ಚಿ ಬೆಲೆ ಹೋಲಿಸುತ್ತದೆ. < ಮತ್ತು > ಯಾವಾಗಲೂ ಬಿಚ್ಚುತ್ತವೆ. ಹೀಗಾಗಿ 128 ಇರುವ ಎರಡು ಬೇರೆ ಆಬ್ಜೆಕ್ಟ್‌ಗಳಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಚಿಕ್ಕದೂ ಅಲ್ಲ, ದೊಡ್ಡದೂ ಅಲ್ಲ, ಸಮವೂ ಅಲ್ಲ!

ಒಂದು ತಂಡದ ಅಪ್ಲಿಕೇಶನ್ ಲೈವ್ ಆದ ಮೇಲೂ ಕೆಲ ಕಾಲ ಚೆನ್ನಾಗಿಯೇ ನಡೆಯಿತು. ಆಮೇಲೆ ಹೊಸದಾಗಿ ಸೇರಿದ ಗ್ರಾಹಕರ ದಾಖಲೆ ಮಾತ್ರ "ಸಿಗಲಿಲ್ಲ" ಎಂದು ಬರತೊಡಗಿತು. ಮೊದಲು ಡೇಟಾಬೇಸ್ ಮೇಲೆ ಅನುಮಾನಪಟ್ಟರು, ಬಳಿಕ ನೆಟ್‌ವರ್ಕ್ ಮೇಲೆ. ಕೊನೆಗೆ ಕೆಲಸಕ್ಕೆ ಹೊಸಬಳಾದ ಹುಡುಗಿಯೊಬ್ಬಳು ಲಾಗಿನ ಒಂದು ಸಾಲು ತಂದು ತೋರಿಸಿದಳು: ಗ್ರಾಹಕರ ಐಡಿ ಎಡಕ್ಕೂ 128, ಬಲಕ್ಕೂ 128, ಕೆಳಗೆ "ಹೊಂದಿಕೆಯಿಲ್ಲ". ಉಳಿದವರೆಲ್ಲ ಊಹೆ ಮಾಡುತ್ತಿದ್ದಾಗ ಎರಡೂ ಬೆಲೆಗಳನ್ನು ಪ್ರಿಂಟ್ ಮಾಡಿ ನೋಡಿದ್ದು ಅವಳೊಬ್ಬಳೇ. ಅಂಥವರ ಜೊತೆ ಕೆಲಸ ಮಾಡುವುದು ನನಗೆ ಬಹಳ ಇಷ್ಟ. ಹುಡುಕಿದಾಗ ಸಿಕ್ಕಿದ್ದು ಇಷ್ಟು: ಕಾಲಂ ಖಾಲಿಯೂ ಇರಬಹುದು ಎಂದು ಯಾರೋ ಇಂಟ್ ಇದ್ದದ್ದನ್ನು ಇಂಟಿಜರ್ ಮಾಡಿದ್ದರು. ಹೋಲಿಕೆಯ ಸಾಲನ್ನು ಯಾರೂ ಮುಟ್ಟಿರಲಿಲ್ಲ, ಅದರ ಅರ್ಥ ಮಾತ್ರ ಬದಲಾಗಿತ್ತು.

ಹಾಗಾದರೆ ಎಲ್ಲ ಕಡೆ == ತೆಗೆದು, ಬೆಲೆ ಹೋಲಿಸುವ ಈಕ್ವಲ್ಸ್ ಮೆಥಡ್ ಹಾಕಿದರಾಯಿತೇ? ದಯವಿಟ್ಟು ಕಣ್ಣುಮುಚ್ಚಿ ಹಾಗೆ ಮಾಡಬೇಡಿ. ಎಡಗಡೆ ನಲ್ (ಆಬ್ಜೆಕ್ಟೇ ಇಲ್ಲದ ಖಾಲಿ) ಇದ್ದರೆ ಪ್ರೋಗ್ರಾಂ ಅಲ್ಲೇ ಬೀಳುತ್ತದೆ. ಅದಕ್ಕೆ ಆಬ್ಜೆಕ್ಟ್ಸ್ ಕ್ಲಾಸಿನ ಈಕ್ವಲ್ಸ್ ಇದೆ. ಆದರೆ ಇನ್ನೂ ದೊಡ್ಡ ಪೂರ್ಣಾಂಕ ಹಿಡಿಯುವ ಲಾಂಗ್ ಆಬ್ಜೆಕ್ಟನ್ನು ಇಂಟಿಜರ್ ಜೊತೆ ಹೋಲಿಸಿದರೆ, ಎರಡರಲ್ಲೂ 5 ಇದ್ದರೂ ಈಕ್ವಲ್ಸ್ ಸುಳ್ಳೆನ್ನುತ್ತದೆ, ಟೈಪ್ ಬೇರೆಯಲ್ಲವೇ. ದಶಮಾಂಶ ಸಂಖ್ಯೆಗಳಿಗಿರುವ ಬಿಗ್‌ಡೆಸಿಮಲ್ ಇನ್ನೂ ಕಟ್ಟುನಿಟ್ಟು: ದಶಮಾಂಶದ ಸ್ಥಾನಗಳನ್ನೂ ನೋಡುವುದರಿಂದ 2.0 ಮತ್ತು 2.00 ಅದರ ಈಕ್ವಲ್ಸ್‌ಗೆ ಬೇರೆ ಬೇರೆ. ಹಣದ ಲೆಕ್ಕದಲ್ಲಿ ಸಾಮಾನ್ಯವಾಗಿ ನಿಮಗೆ ಬೇಕಾಗುವುದು ಅದರ ಕಂಪೇರ್‌ಟು ಮೆಥಡ್ ಸೊನ್ನೆ (ಅಂದರೆ ಬೆಲೆ ಸಮ) ಕೊಡುತ್ತದೆಯೇ ಎಂಬುದು. ನಲ್ ಬರುವುದೇ ಸಾಧ್ಯವಿಲ್ಲದ ಕಡೆ ಸಾದಾ ಇಂಟ್ ಇಟ್ಟುಕೊಳ್ಳಿ, ಈ ತಲೆನೋವೇ ಇರುವುದಿಲ್ಲ.

ಬೇರೆ ಭಾಷೆಯವರು ನಿರಾಳರಾಗಬೇಕಿಲ್ಲ. ಪೈಥಾನ್ ಭಾಷೆಯ ಮುಖ್ಯ ರೂಪವಾದ ಸಿಪೈಥಾನ್ ಕೂಡ −5ರಿಂದ 256ರವರೆಗಿನ ಸಂಖ್ಯೆಗಳನ್ನು ಮೊದಲೇ ಮಾಡಿಟ್ಟಿರುತ್ತದೆ. ಹಾಗಾಗಿ, ಒಂದೇ ಆಬ್ಜೆಕ್ಟಾ ಎಂದು ನೋಡುವ "ಈಸ್" ಬಳಸಿ ಸಂಖ್ಯೆ ಹೋಲಿಸುವವರಿಗೂ ಇದೇ ಗತಿ. ಜಾವಾಸ್ಕ್ರಿಪ್ಟ್‌ನಲ್ಲಿ ನ್ಯೂ ಹಾಕಿ ಮಾಡಿದ ನಂಬರ್ ಆಬ್ಜೆಕ್ಟ್ ಒಳಗೆ ಸೊನ್ನೆಯಿದ್ದರೂ ಇಫ್ ಅದನ್ನು ನಿಜವೆಂದೇ ತೆಗೆದುಕೊಳ್ಳುತ್ತದೆ.

ಇನ್ನು ಆ ಟೆಸ್ಟ್‌ಗಳ ವಿಷಯ. ಎಲ್ಲರೂ ಐಡಿಗೆ 1, 2, 3 ಎಂದೇ ಕೊಡುತ್ತಾರೆ, ಅವೆಲ್ಲ ಹಂಚಿಕೊಂಡ ಆಬ್ಜೆಕ್ಟ್‌ಗಳು. ಬದಲಿಗೆ 1,000ದಿಂದ ಶುರುಮಾಡಿ. ಎರಡು ಕಡೆಯ ಬೆಲೆಯನ್ನೂ ಬೇರೆ ಬೇರೆಯಾಗಿ ತಯಾರಿಸಿ. ಒಂದೇ ವೇರಿಯಬಲ್ ಎರಡೂ ಕಡೆ ಹೋದರೆ 1,000ವೂ ಸಮವೆಂದೇ ಬರುತ್ತದೆ.