ಅರ್ಥ ಇರುವುದು ಪದದಲ್ಲೋ, ವಾಕ್ಯದಲ್ಲೋ? ಒಂದು ಹಳೇ ವ್ಯಾಜ್ಯ

ಕಾವ್ಯಮೀಮಾಂಸೆ ಓದಿದವರಿಗೆ ಅಭಿಹಿತಾನ್ವಯ, ಅನ್ವಿತಾಭಿಧಾನ ಎಂಬ ಎರಡು ಹೆಸರು ಗೊತ್ತಿರುತ್ತವೆ. ವಾಕ್ಯದ ಅರ್ಥ ಹೇಗೆ ಹುಟ್ಟುತ್ತದೆ ಎಂಬುದರ ಬಗ್ಗೆ ಇವು ಎರಡು ಎದುರಾಳಿ ವಾದಗಳು. ಮಮ್ಮಟನ 'ಕಾವ್ಯಪ್ರಕಾಶ'ದಲ್ಲಿ ಎರಡೂ ಬಂದುಹೋಗುತ್ತವೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಆಮೇಲೆ ಮರೆಯುವುದೇ ಜಾಸ್ತಿ. ಜಗಳ ಯಾಕೆ ಹುಟ್ಟಿತು ಅನ್ನೋದು ಮಾತ್ರ ಪಾಠದಿಂದ ತಪ್ಪಿಸಿಕೊಳ್ಳುತ್ತದೆ.

ಹುಟ್ಟಿದ್ದು ಯಜ್ಞದ ವಿಚಾರದಲ್ಲಿ. ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸಕರ ಪ್ರಕಾರ ವೇದವನ್ನು ಯಾರೂ ರಚಿಸಿಲ್ಲ. ಹಾಗಾಗಿ ಹೇಳಿದವನ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುವ ಹಾಗೇ ಇಲ್ಲ. 'ಸ್ವರ್ಗ ಬಯಸುವವನು ಯಾಗ ಮಾಡಬೇಕು' ಎಂಬ ಮಾತಿನ ಅರ್ಥ ಆ ಮಾತಿನಿಂದಲೇ ಹೊರಡಬೇಕು. ಹೇಗೆ ಹೊರಡುತ್ತದೆ ಎಂಬುದೇ ಪ್ರಶ್ನೆ.

ಸುಮಾರು 5ನೇ ಶತಮಾನದ ವ್ಯಾಕರಣಕಾರ ಭರ್ತೃಹರಿ 'ವಾಕ್ಯಪದೀಯ'ದಲ್ಲಿ ಒಂದು ಉತ್ತರ ಕೊಟ್ಟಿದ್ದ. ವಾಕ್ಯ ಇಡಿಯಾದದ್ದು, ಪದಗಳು ವ್ಯಾಕರಣ ಕಲಿಸುವ ಅನುಕೂಲಕ್ಕೆ ನಾವು ಒಡೆದುಕೊಂಡ ಚೂರುಗಳು, ಅರ್ಥ ಒಮ್ಮೆಗೇ ಹೊಳೆಯುತ್ತದೆ. ಮೀಮಾಂಸಕರು ಇದನ್ನು ಒಪ್ಪಲಿಲ್ಲ. ಆದರೆ ಬೇರೆ ಉತ್ತರ ಹುಡುಕುವಾಗ ಅವರಲ್ಲೇ ಎರಡು ಪಕ್ಷವಾಯಿತು.

7ನೇ ಶತಮಾನದ ಕುಮಾರಿಲ ಭಟ್ಟನ ಪ್ರಕಾರ ಪ್ರತಿ ಪದ ಮೊದಲು ತನ್ನ ಅರ್ಥ ಹೇಳಿ ಸುಮ್ಮನಾಗುತ್ತದೆ. ಆಮೇಲೆ ಆ ಅರ್ಥಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಇದೇ ಅಭಿಹಿತಾನ್ವಯ. 'ಶ್ಲೋಕವಾರ್ತಿಕ'ದಲ್ಲಿ ಅವನು ಕೊಡುವ ಉದಾಹರಣೆ ಸೊಗಸಾಗಿದೆ. ದೂರದಲ್ಲಿ ಏನೋ ಬಿಳಿಯದು ಕಾಣುತ್ತದೆ. ಕುದುರೆಯ ಕೆನೆತ ಕೇಳುತ್ತದೆ. ಗೊರಸಿನ ಸದ್ದೂ ಕೇಳುತ್ತದೆ. 'ಬಿಳಿ ಕುದುರೆ ಓಡುತ್ತಿದೆ' ಎಂದು ತಕ್ಷಣ ತಿಳಿಯುತ್ತದೆ. ಇಲ್ಲಿ ಯಾರೂ ಒಂದು ಪದವನ್ನೂ ಆಡಿಲ್ಲ, ಆದರೂ ಅರ್ಥಗಳು ಕೂಡಿಕೊಂಡವು ಅಲ್ವಾ?

ಇನ್ನೊಂದು ಪಕ್ಷ ಪ್ರಭಾಕರನದು. ಅವನು ಕುಮಾರಿಲನ ಶಿಷ್ಯ ಎಂದು ಸಂಪ್ರದಾಯ ಹೇಳುತ್ತದೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅವನ ಬರಹ ತೀರಾ ಬಿಗಿ. ಹಾಗಾಗಿ ಶಾಲಿಕನಾಥನ ವಿವರಣೆ ಇಲ್ಲದೆ ಒಳಗೆ ಹೋಗುವುದು ಕಷ್ಟ.

ಈ ಪಕ್ಷದವರು ನೋಡಿದ್ದು ಮಗುವನ್ನು. ಮನೆಯ ಹಿರಿಯ 'ಹಸುವನ್ನು ತಾ' ಅನ್ನುತ್ತಾನೆ. ಇನ್ನೊಬ್ಬ ಹೋಗಿ ತರುತ್ತಾನೆ. ಆಮೇಲೆ 'ಹಸುವನ್ನು ಕಟ್ಟು', 'ಕುದುರೆಯನ್ನು ತಾ'. ಪಕ್ಕದಲ್ಲಿ ಕೂತ ಮಗು ಯಾವುದು ಬದಲಾಯಿತು, ಯಾವುದು ಹಾಗೇ ಉಳಿಯಿತು ಎಂದು ಗಮನಿಸುತ್ತಾ 'ಹಸು' ಯಾವುದು, 'ತಾ' ಯಾವುದು ಎಂದು ಬಿಡಿಸಿಕೊಳ್ಳುತ್ತದೆ. ಒಂಟಿ ಪದ ಅದರ ಕಿವಿಗೆ ಬಿದ್ದೇ ಇಲ್ಲ. ಹಾಗಾಗಿ ಪದ ಹೇಳುವುದೇ ಇತರ ಅರ್ಥದ ಜೊತೆ ಕೂಡಿಕೊಂಡ ಅರ್ಥವನ್ನು, ಅದರಲ್ಲೂ ಮಾಡಬೇಕಾದ ಕೆಲಸಕ್ಕೆ ಸೇರಿದ ಅರ್ಥವನ್ನು ಎಂಬುದು ಅವರ ವಾದ. ಇದೇ ಅನ್ವಿತಾಭಿಧಾನ.

ಭಾಟ್ಟರ, ಅಂದರೆ ಕುಮಾರಿಲ ಭಟ್ಟನ ಪಕ್ಷದವರ, ಆಕ್ಷೇಪ ಹಗುರವಲ್ಲ. 'ಹಸು' ತಿಳಿಯಲು 'ತಾ' ಬೇಕು, 'ತಾ' ತಿಳಿಯಲು 'ಹಸು' ಬೇಕು ಎಂದರೆ ಶುರು ಎಲ್ಲಿಂದ? ಜೊತೆಗಾರ ಪದ ಬದಲಾದ ಹಾಗೆಲ್ಲ ಹೊಸ ಅರ್ಥ ಎಂದರೆ ಕಲಿಯುವುದಕ್ಕೆ ಕೊನೆಯೇ ಇಲ್ಲ. ಇದಕ್ಕೆ ಪ್ರಭಾಕರನ ಪಕ್ಷದವರು ಉತ್ತರವನ್ನೂ ಕೊಟ್ಟರು. ಆಕಾಂಕ್ಷೆ (ಒಂದಕ್ಕೊಂದು ಬೇಕೆನಿಸುವುದು), ಯೋಗ್ಯತೆ (ಅರ್ಥಗಳು ಹೊಂದುವುದು), ಸನ್ನಿಧಿ (ಹತ್ತಿರ ಇರುವುದು) ಇರುವ ಯಾವ ಪದದ ಜೊತೆಗಾದರೂ ಪದ ಕೂಡುತ್ತದೆ ಎಂದು ಒಮ್ಮೆ ಕಲಿತರೆ ಸಾಕು. ಹೊಸ ವಾಕ್ಯಗಳ ಲೆಕ್ಕಕ್ಕೆ ಕುಮಾರಿಲನ ದಾರಿ ಸಲೀಸು, ನಿಜ. ಆದರೆ ಮನೆಯಲ್ಲಿ ಮಗು ಮಾತು ಕಲಿಯುವುದನ್ನು ನೋಡಿದವರಿಗೆ ಪ್ರಭಾಕರನ ಪಕ್ಷವನ್ನು ಸುಲಭವಾಗಿ ತಳ್ಳಿಹಾಕಲು ಆಗದು.

ಮುಂದೆ ಮೇಲುಕೋಟೆಯಲ್ಲೂ ನೆಲೆಸಿದ್ದ ರಾಮಾನುಜರು 'ಶ್ರೀಭಾಷ್ಯ'ದಲ್ಲಿ ಒಂದು ತಕರಾರು ಎತ್ತಿದರು. ಅಪ್ಪ ಅಮ್ಮ ಬೆರಳು ತೋರಿಸಿ ಇದು ಚಂದ್ರ, ಇದು ಹಕ್ಕಿ, ಇವನು ಮಾವ ಅನ್ನುತ್ತಾರೆ. ಮಗು ಹಾಗೂ ಕಲಿಯುತ್ತದೆ. 'ತಾ', 'ಕಟ್ಟು' ಎಂಬಂಥ ಅಪ್ಪಣೆಯಿಂದ ಮಾತ್ರ ಅಲ್ಲ.

ಆಮೇಲೆ ಶತಮಾನಗಟ್ಟಲೆ ನೈಯಾಯಿಕರು (ತರ್ಕಶಾಸ್ತ್ರದವರು), ಆಲಂಕಾರಿಕರು (ಕಾವ್ಯಶಾಸ್ತ್ರದವರು) ಇದನ್ನೇ ತಿರುವಿಹಾಕಿದರು. ಯುರೋಪಿನಲ್ಲಿ 1884ರಲ್ಲಿ ಜರ್ಮನ್ ತರ್ಕಶಾಸ್ತ್ರಜ್ಞ ಫ್ರೇಗೆ, ಪದದ ಅರ್ಥವನ್ನು ವಾಕ್ಯದ ಒಳಗೇ ಕೇಳಬೇಕು ಎಂದ. 1988ರಲ್ಲಿ ತತ್ತ್ವಶಾಸ್ತ್ರಜ್ಞರಾದ ಬಿ.ಕೆ. ಮತಿಲಾಲ್ ಮತ್ತು ಪಿ.ಕೆ. ಸೇನ್ ಭಾರತದ, ಯುರೋಪಿನ ಎರಡೂ ಚರ್ಚೆಗಳನ್ನು ಒಟ್ಟಿಗೆ ಇಟ್ಟು ನೋಡಿದರು.

ಈಗ ಕಂಪ್ಯೂಟರಿನ ಸರದಿ. 2013ರಲ್ಲಿ ಬಂದ, ಪದಗಳನ್ನು ಅಂಕಿಗಳಾಗಿಸುವ ವರ್ಡ್‌ಟುವೆಕ್ ಎಂಬ ವಿಧಾನ ಒಂದು ಪದಕ್ಕೆ ಒಂದೇ ಅಂಕಿಗಳ ಸಾಲು ಕೊಡುತ್ತಿತ್ತು. ಇಂದಿನ ಭಾಷಾಯಂತ್ರಗಳ ಹಿಂದಿರುವ, 2017ರ ಟ್ರಾನ್ಸ್‌ಫಾರ್ಮರ್ ಎಂಬ ವಿನ್ಯಾಸದಲ್ಲಿ ಅಕ್ಕಪಕ್ಕದ ಪದಗಳಿಗೆ ತಕ್ಕಂತೆ ಆ ಸಾಲೇ ಬದಲಾಗುತ್ತದೆ. ಪ್ರಭಾಕರನೇ ಗೆದ್ದ ಅನ್ನಬಹುದೇನೋ. ಆದರೆ ಅವನ ಮಗುವಿನ ಕಣ್ಣೆದುರು ಯಾರೋ ಎದ್ದು ಹೋಗಿ ಹಸುವನ್ನು ತಂದಿದ್ದರು. ಬರೀ ಬರಹದಿಂದ ಕಲಿತ ಯಂತ್ರದ ಎದುರು ಆ ಹಸು ಬಂದೇ ಇಲ್ಲ.